ಕಿಟಕಿಗೆ ಹಲಗೆ, ಬಚ್ಚಲಿಗೆ ಗಾಜು

ನಮ್ಮ ಕಡೆ ಹೋಟೆಲು ಎಂದರೆ ತಿಂಡಿ ತಿನ್ನುವ ಜಾಗ. ಮಲಗುವ ಜಾಗಕ್ಕೆ ಲಾಡ್ಜು ಎನ್ನುತ್ತೇವೆ. ಬೆಂಗಳೂರಿನ ಗಾಂಧಿನಗರದಲ್ಲಿ ಈಗ ಲಾಡ್ಜುಗಳು ಒಂದೊಂದಾಗಿ ಹೋಟೆಲುಗಳಾಗುತ್ತಿವೆ. ಅಂಥ ಒಂದು ಹೋಟೆಲಿನಲ್ಲಿ ಬೆಳಿಗ್ಗೆ ಒಂದು ಲೋಟ ಕಾಫಿ ಬೇಕಾದರೆ ರಸ್ತೆ ದಾಟಿ ಎದುರಿನ ದರ್ಶಿನಿಗೆ ಹೋಗಬೇಕು ಎಂಬುದು ಬೇರೆ ಮಾತು. 2025ರ ನವೆಂಬರಿನಲ್ಲಿ ನಾನೂ ನಮ್ಮ ಶಾಲೆಯ ವಿಜ್ಞಾನದ ಟೀಚರೂ ಮೂರು ದಿನದ ಕಾರ್ಯಾಗಾರಕ್ಕೆಂದು ಬೆಂಗಳೂರಿಗೆ ಹೋಗಿ ಅಂಥದೊಂದು ಹೋಟೆಲಿನಲ್ಲಿ ಇಳಿದುಕೊಂಡಿದ್ದೆವು. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ಅದೊಂದನ್ನೇ ಬೈದ ಹಾಗಾಗುತ್ತದೆ. ನನ್ನ ತಕರಾರು ಅಂಥವೆಲ್ಲದರ ಮೇಲೆ, ಅವುಗಳಲ್ಲಿ ಬಾಯಿ ಮುಚ್ಚಿಕೊಂಡು ಮಲಗಿ ಎದ್ದು ಬರುವ ನಮ್ಮೆಲ್ಲರ ಮೇಲೆ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಹಳೆಯ ಲಾಡ್ಜು ಸ್ವರ್ಗವಾಗಿತ್ತು ಎಂದು ವಾದಿಸಲು ನಾನು ಹೊರಟಿಲ್ಲ. 1993ರಲ್ಲಿ, ಬಿ.ಎಡ್. ಮುಗಿಸಿದ ಹೊಸತರಲ್ಲಿ, ಒಂದು ಸಂದರ್ಶನಕ್ಕೆಂದು ಬೆಂಗಳೂರಿಗೆ ಬಂದೆ. ಜತೆಗೆ ಬರಬೇಕಿದ್ದ ಅಪ್ಪನಿಗೆ ಜ್ವರ ಬಂದು ಒಬ್ಬಳೇ ಹೊರಟಿದ್ದೆ. ಇದೇ ಗಾಂಧಿನಗರದ ಮೂರು ಲಾಡ್ಜುಗಳ ಮೆಟ್ಟಿಲು ಹತ್ತಿ ಇಳಿದೆ. ಮೂರರಲ್ಲೂ ಒಂದೇ ಉತ್ತರ: 'ಒಂಟಿ ಲೇಡೀಸ್‌ಗೆ ರೂಮ್ ಕೊಡಲ್ಲ.' ಒಬ್ಬಾತ ನನ್ನ ಮುಖವನ್ನೂ ನೋಡದೆ, ಲೆಡ್ಜರಿನಲ್ಲಿ ಏನೋ ಬರೆಯುತ್ತಲೇ ಹೇಳಿದ. ಆ ರಾತ್ರಿ ರೈಲು ನಿಲ್ದಾಣದ ಹೆಂಗಸರ ತಂಗುಕೋಣೆಯಲ್ಲಿ, ಅಂಕಪಟ್ಟಿಗಳಿದ್ದ ಚೀಲವನ್ನು ತಲೆದಿಂಬು ಮಾಡಿಕೊಂಡು ಕಣ್ಣು ಮುಚ್ಚದೆ ಕಳೆದೆ. ಸಂದರ್ಶನದಲ್ಲಿ ಏನು ಕೇಳಿದರೋ ಏನು ಹೇಳಿದೆನೋ, ಆ ಕೆಲಸ ಸಿಗಲಿಲ್ಲ. ಮುಂದೆ ಅಪ್ಪನ ಜತೆ, ಅಣ್ಣನ ಜತೆ, ಗಂಡನ ಜತೆ ಬಂದಾಗ ಸಿಕ್ಕ ರೂಮುಗಳಲ್ಲಿ ತಿಗಣೆಯಿತ್ತು, ಮೂಲೆಯಲ್ಲಿ ಎಲೆಅಡಿಕೆಯ ಕಲೆಯಿತ್ತು, ನಲ್ಲಿ ರಾತ್ರಿಯಿಡೀ ತೊಟ್ಟಿಕ್ಕುತ್ತಿತ್ತು.

ಈಗಿನ ಹೋಟೆಲಿನ ಕೌಂಟರಿನಲ್ಲಿ ಯಾರೂ ನಮ್ಮ ಜತೆ ಗಂಡಸರಿದ್ದಾರೆಯೇ ಎಂದು ಕೇಳಲಿಲ್ಲ. ಆಧಾರ್ ಕಾರ್ಡು ಕೇಳಿದರು, ಅಷ್ಟೆ. ಅಲ್ಲಿದ್ದ ಹುಡುಗ ಅದನ್ನು ತನ್ನ ಸ್ವಂತ ಫೋನಿನಲ್ಲೇ ಫೋಟೋ ತೆಗೆದುಕೊಂಡದ್ದು ನನಗೆ ಸರಿಕಾಣಲಿಲ್ಲವಾದರೂ, ಮೂವತ್ತೆರಡು ವರ್ಷದ ಹಿಂದಿನ ಆ ಮೂರು ಮೆಟ್ಟಿಲುಗಳು ನೆನಪಾಗಿ, ಇಷ್ಟಾದರೂ ಬದಲಾಯಿತಲ್ಲ ಎಂದು ಒಳಗೊಳಗೇ ಸಮಾಧಾನಪಟ್ಟೆ. ಆ ಸಮಾಧಾನ ಅರ್ಧ ಗಂಟೆ ಬಾಳಿತು.

ಮಲೆನಾಡಿನಿಂದ ರಾತ್ರಿ ಬಸ್ಸು ಹತ್ತಿದವರು ಬೆಳಗಿನ ಐದು ಐದೂವರೆಗೆ ಮೆಜೆಸ್ಟಿಕ್ಕಿನಲ್ಲಿ ಇಳಿಯುತ್ತೇವೆ. ಇದು ಆ ಬಡಾವಣೆಯಲ್ಲಿ ಲಾಡ್ಜು ನಡೆಸುವವರಿಗೆಲ್ಲ ಗೊತ್ತು. ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಬಸ್ ನಿಲ್ದಾಣ ಬಂದ ಮೇಲೆ ಅಲ್ಲಿನ ಬೀದಿಗಳು ಬೆಳೆದದ್ದೇ ಹಾಗೆ ಬೆಳಗಾಗುವ ಮುಂಚೆ ಇಳಿಯುವ ನಮ್ಮಂಥವರಿಂದ. ಹಳೆಯ ಲಾಡ್ಜಿನಲ್ಲಿ ಇಪ್ಪತ್ತನಾಲ್ಕು ಗಂಟೆಯ ಲೆಕ್ಕ. ಆರಕ್ಕೆ ಬಂದರೆ ಮರುದಿನ ಆರರವರೆಗೆ ರೂಮು ನಿಮ್ಮದು. ಈಗ ಮಧ್ಯಾಹ್ನ ಹನ್ನೆರಡಕ್ಕೆ ಒಳಗೆ, ಹನ್ನೊಂದಕ್ಕೆ ಹೊರಗೆ. ಬೆಳಿಗ್ಗೆಯೇ ಬೇಕೆಂದರೆ 'ಅರ್ಲಿ ಚೆಕ್‌ಇನ್' ಎಂದು 600 ರೂಪಾಯಿ ಬೇರೆ. ದಿನದ ಬಾಡಿಗೆ 2,400. ಹೋಟೆಲು ಕೋಣೆಯ ಮೇಲಿನ ಜಿಎಸ್‌ಟಿ, ದಿನಕ್ಕೆ 7,500 ರೂಪಾಯಿವರೆಗಿನವಕ್ಕೆ, 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆಯಲ್ಲ ಎಂದು ನಾನು ಪತ್ರಿಕೆ ಓದಿದ ಜ್ಞಾನವನ್ನು ಪ್ರದರ್ಶಿಸಿದೆ. 'ಎಲ್ಲಾ ಸೇರಿಸಿಯೇ ಹೇಳಿರೋದು ಮೇಡಂ' ಎಂದು ಹುಡುಗ ನಕ್ಕ. ತೆರಿಗೆ ಇಳಿಯುವ ಮುಂಚೆಯೂ ಎಲ್ಲಾ ಸೇರಿಸಿ ಅಷ್ಟೇ ಇತ್ತೇನೋ. ಸರ್ಕಾರ ಕೊಡುವ ಭತ್ಯೆಯಲ್ಲಿ ಇಬ್ಬರಿಗೆ ಎರಡು ರೂಮು ಆಗದು. ಒಂದೇ ತೆಗೆದುಕೊಂಡೆವು.

ಬಾಗಿಲಿಗೆ ಬೀಗದ ಕೈಯಿಲ್ಲ, ಪ್ಲಾಸ್ಟಿಕ್ ಕಾರ್ಡು. ಆ ಕಾರ್ಡನ್ನು ಒಳಗಿನ ಗೋಡೆಯ ಗೂಡಿನಲ್ಲಿ ಸಿಕ್ಕಿಸಿದರೆ ಮಾತ್ರ ದೀಪ ಹತ್ತುತ್ತದೆ. ಹತ್ತಿತು. ಚಾವಣಿಯ ಅಂಚಿನಲ್ಲಿ ನೀಲಿ ಬೆಳಕು, ಹಾಸಿಗೆಯ ತಲೆಯ ಮೇಲೆ ಹಳದಿ ಬೆಳಕು, ಹಾಸಿಗೆಯ ಅಡಿಯಲ್ಲೂ ಒಂದು ಬೆಳಕು. ಹಾಸಿಗೆಯ ಅಡಿಗೆ ಬೆಳಕು ಯಾತಕ್ಕೆಂದು ಮೂರು ದಿನವೂ ನನಗೆ ತಿಳಿಯಲಿಲ್ಲ. ಕುಳಿತು ಒಂದು ಸಾಲು ಓದಲು ಬೇಕಾದ ಬೆಳಕು ಮಾತ್ರ ಯಾವ ಸ್ವಿಚ್ಚಿನಲ್ಲೂ ಇರಲಿಲ್ಲ.

ಆಮೇಲೆ ಬಚ್ಚಲು ಕಂಡಿತು. ಬಚ್ಚಲು ಕಂಡಿತು ಎಂದರೆ ನಿಜವಾಗಿ ಕಂಡಿತು. ಹಾಸಿಗೆಗೂ ಬಚ್ಚಲಿಗೂ ನಡುವೆ ಗೋಡೆಯಿಲ್ಲ. ನೆಲದಿಂದ ಚಾವಣಿಯವರೆಗೆ ಗಾಜು. ಒಳಗಿನ ಕಮೋಡು, ನಲ್ಲಿ, ಮೇಲಿನಿಂದ ಮಳೆಯಂತೆ ಸುರಿಯುವ ಶವರು, ಎಲ್ಲ ಬಟ್ಟೆಯಂಗಡಿಯ ಶೋಕೇಸಿನಲ್ಲಿಟ್ಟ ಹಾಗೆ ಮಿಂಚುತ್ತಿದ್ದವು. ಗಾಜಿನ ನಡುವೆ ಮೊಳದಗಲ ಮಂಜುಮಂಜಾದ ಪಟ್ಟಿಯೊಂದನ್ನು ಅಂಟಿಸಿದ್ದರು. ಮಾನ ಕಾಯಲೆಂದು ಹಾಕಿದ ಆ ಪಟ್ಟಿಗೆ ಯಾರ ಅಳತೆ ತೆಗೆದುಕೊಂಡಿದ್ದರೋ! ಆರಡಿ ಎತ್ತರದ ಗಂಡಸಿಗೆ ಸೊಂಟದ ಹತ್ತಿರ ಬರುವ ಪಟ್ಟಿ ನನಗೆ ಕುತ್ತಿಗೆಯ ಹತ್ತಿರ ಬರುತ್ತಿತ್ತು. ಅಂದರೆ ನನ್ನ ಮುಖದ ಕೆಳಭಾಗವೊಂದನ್ನು ಬಿಟ್ಟು ಉಳಿದದ್ದೆಲ್ಲ ಕಾಣುತ್ತಿತ್ತು.

ವಿಜ್ಞಾನದ ಟೀಚರು ನನಗಿಂತ ಹದಿನೈದು ವರ್ಷ ಚಿಕ್ಕವರು. ಹತ್ತು ವರ್ಷದಿಂದ ಒಂದೇ ಸ್ಟಾಫ್ ರೂಮಿನಲ್ಲಿ ಕುಳಿತು ಒಂದೇ ಡಬ್ಬಿಯಲ್ಲಿ ಉಂಡವರು ನಾವು. ಆದರೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. 'ಮೇಡಂ, ನೀವು ಮೊದಲು ಮುಗಿಸಿ, ನಾನು ಹೊರಗೆ ನಿಂತಿರ್ತೀನಿ' ಎಂದು ಅವರು ಬಾಗಿಲಾಚೆ ಹೋದರು. ನನ್ನದು ಮುಗಿಯಿತು. ಅವರ ಸರದಿಯಲ್ಲಿ ನಾನು ಹೋಗಿ ನಿಂತೆ. ಬಾಗಿಲು ತಂತಾನೇ ಮುಚ್ಚಿಕೊಂಡಿತು. ಕಾರ್ಡು ಒಳಗಿನ ಗೂಡಿನಲ್ಲಿ. ಅದನ್ನು ತಂದಿದ್ದರೆ ಒಳಗಿನವರಿಗೆ ಕತ್ತಲೆ. ಒದ್ದೆ ತಲೆಗೆ ಟವೆಲು ಸುತ್ತಿ, ನೆರಿಗೆ ಸರಿಯಾಗಿ ಹಿಡಿಯದ ಸೀರೆಯಲ್ಲಿ, ಐವತ್ತಾರು ವರ್ಷದ ನಾನು ಆ ಓಣಿಯಂಥ ಜಾಗದಲ್ಲಿ ಹದಿನೈದು ನಿಮಿಷ ನಿಂತಿದ್ದೆ. ಎದುರು ರೂಮಿನಿಂದ ಇಬ್ಬರು ಗಂಡಸರು ಬಂದು ನೋಡಿಕೊಂಡು ಹೋದರು. ಮೇಲೆ ಕ್ಯಾಮೆರಾ ನೋಡುತ್ತಿತ್ತು. ಹೋಮ್‌ವರ್ಕ್ ತಾರದ ಮಕ್ಕಳನ್ನು ಎಷ್ಟೋ ಸಲ ತರಗತಿಯ ಹೊರಗೆ ನಿಲ್ಲಿಸಿದ್ದೇನೆ. ಅವತ್ತಿನಿಂದ ಬಿಟ್ಟಿದ್ದೇನೆ.

ತಲೆ ಒದ್ದೆಯಾದದ್ದು ಯಾಕೆಂದೂ ಹೇಳಬೇಕು. ನಮ್ಮ ಹೆಂಗಸರು ದಿನಾ ತಲೆಗೆ ನೀರು ಹಾಕಿಕೊಳ್ಳುವುದಿಲ್ಲ. ಕುತ್ತಿಗೆಯಿಂದ ಕೆಳಕ್ಕೆ ಸ್ನಾನ ಮಾಡಲು ಒಂದು ಬಕೆಟ್ಟು, ಒಂದು ಚೊಂಬು ಬೇಕು. ನೆತ್ತಿಯ ಮೇಲೇ ಸುರಿಯುವ ಶವರಿನ ಕೆಳಗೆ ಅದು ಸಾಧ್ಯವಿಲ್ಲ. ಬಕೆಟ್ಟು ಕೇಳಿದೆ. ಆ ಮಹಡಿಗೆಲ್ಲ ಒಂದೇ ಬಕೆಟ್ಟು ಇದೆಯೆಂದೂ ಈಗ 207ರಲ್ಲಿದೆಯೆಂದೂ ಉತ್ತರ ಬಂತು. ಕಮೋಡಿಗೆ ಕೆಂಪು ಹೂವಿನ ಅಲಂಕಾರ ಮಾಡಲು ಖರ್ಚು ಮಾಡಿದವರು ನೂರೈವತ್ತು ರೂಪಾಯಿಯ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಉಳಿತಾಯ ಮಾಡಿದ್ದರು.

ಆ ದಿನ ಸಂಜೆ ಮ್ಯಾನೇಜರನ್ನು ಕಂಡೆವು. ಒಳ್ಳೆಯ ಮನುಷ್ಯ, ಕುಂದಾಪುರದ ಕಡೆಯವರು.

'ಬಚ್ಚಲಿಗೆ ಗೋಡೆ ಯಾಕಿಲ್ಲ?' ಎಂದೆ.

'ಮೇಡಂ, ಇದು ಈಗಿನ ಟ್ರೆಂಡ್. ಎಲ್ಲಾ ಕಡೆ ಹೀಗೇ.'

'ಯಾರು ಕೇಳಿದ್ದರು ಇದನ್ನು?'

'ಕಪಲ್ಸ್ ಇಷ್ಟಪಡ್ತಾರೆ ಮೇಡಂ.'

ಇಲ್ಲಿಯೇ ನನ್ನ ಜಗಳ ಇರುವುದು. ಮೆಜೆಸ್ಟಿಕ್ಕಿನ ಸುತ್ತ ಮಧ್ಯಮ ದರದ ಕೋಣೆಗೆ ಬಂದು ಇಳಿಯುವವರು ಯಾರು? ಕಿದ್ವಾಯಿ ಆಸ್ಪತ್ರೆಗೆ ಅಪ್ಪನನ್ನು ಕರೆತರುವ ಮಗಳು. ಪರೀಕ್ಷೆ ಬರೆಯಲು ತಂಗಿಯನ್ನು ಕರೆತರುವ ಅಣ್ಣ. ಕೋರ್ಟಿನ ಕೆಲಸಕ್ಕೆ ಬರುವ ಅತ್ತೆ ಮತ್ತು ಅಳಿಯ. ಒಂದೇ ಕಂಪನಿಯ ಇಬ್ಬರು ಮಾರಾಟಗಾರರು. ನಮ್ಮಂಥ ಇಬ್ಬರು ಟೀಚರುಗಳು. ಒಂದು ಕೋಣೆಯಲ್ಲಿ ಇಬ್ಬರಿದ್ದರೆ ಅವರು ಹೊಸದಾಗಿ ಮದುವೆಯಾದವರೇ ಇರಬೇಕು ಎಂದು ಗೋಡೆ ಒಡೆದವರಿಗೆ ಹೇಳಿಕೊಟ್ಟವರು ಯಾರು? ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಸೊರಗಿದ ಅಪ್ಪ ಆ ಗಾಜಿನ ಹಿಂದೆ ಕೂತಿರುವಾಗ ಮಗಳು ಎಲ್ಲಿ ನೋಡಬೇಕು? ಇನ್ನು ಗಂಡ ಹೆಂಡತಿಯ ಮಾತೇ ಆದರೂ, ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದವಳು ನಾನು, ಹೇಳುತ್ತೇನೆ: ಯಾರ ದಾಂಪತ್ಯವೂ ಕಮೋಡಿನ ಮೇಲೆ ಕೂತದ್ದು ಕಾಣುವುದರಿಂದ ಸುಧಾರಿಸುವುದಿಲ್ಲ.

ನಿಜವಾದ ಕಾರಣ ಬೇರೆ. ಈಗ ರೂಮನ್ನು ಜನ ಬಂದು ನೋಡಿ ತೆಗೆದುಕೊಳ್ಳುವುದಿಲ್ಲ. ಫೋನಿನಲ್ಲಿ ಫೋಟೋ ನೋಡಿ ದುಡ್ಡು ಕಟ್ಟುತ್ತಾರೆ. ಹಳೆಯ ಲಾಡ್ಜಿನ ಸಣ್ಣ ರೂಮಿನ ಮಧ್ಯೆ ಗೋಡೆಯಿದ್ದರೆ ಫೋಟೋದಲ್ಲಿ ಗೂಡಿನಂತೆ ಕಾಣುತ್ತದೆ. ಗೋಡೆ ತೆಗೆದು ಗಾಜು ಹಾಕಿದರೆ ಬಚ್ಚಲಿನ ಜಾಗವೂ ರೂಮಿನ ಜಾಗದಂತೆ ಕಂಡು ಅರಮನೆಯಾಗುತ್ತದೆ. ಕಿಟಕಿಯಿಲ್ಲದ ಬಚ್ಚಲಿಗೆ ರೂಮಿನ ದೀಪದ್ದೇ ಬೆಳಕು ಹರಿಯುತ್ತದೆ. ಸಮುದ್ರದ ಎದುರಿನ ದೊಡ್ಡ ರೆಸಾರ್ಟುಗಳಲ್ಲಿ, ಸ್ನಾನ ಮಾಡುತ್ತ ಅಲೆ ನೋಡಲೆಂದು ಮಾಡಿದ್ದನ್ನು ಗಾಂಧಿನಗರಕ್ಕೆ ತಂದು, ಅಲೆಯ ಜಾಗದಲ್ಲಿ ನನ್ನ ಸಹೋದ್ಯೋಗಿಯನ್ನು ಮಲಗಿಸಿದ್ದಾರೆ. ಫೋಟೋಕ್ಕೆ ಮಾಡಿದ ರೂಮು, ಮಲಗುವವರಿಗೆ ಮಾಡಿದ್ದಲ್ಲ.

ಆ ರಾತ್ರಿ ನನ್ನ ಒಂದು ನೂಲಿನ ಸೀರೆಯನ್ನು ಗಾಜಿನ ಮೇಲಂಚಿಗೆ ಸಿಕ್ಕಿಸಿ, ಬ್ಯಾಗಿನ ಪಟ್ಟಿಯಿಂದ ಬಿಗಿದು ಕಟ್ಟಿದೆವು. ಬೆಳಿಗ್ಗೆ ರೂಮು ಗುಡಿಸಲು ಬಂದ ಹೆಂಗಸು ಅದನ್ನು ನೋಡಿ ನಕ್ಕುಬಿಟ್ಟಳು.

'ಎಲ್ರೂ ಹಿಂಗೇ ಮಾಡೋದು ಅಮ್ಮಾ. ಹೋದ್ವಾರ ಬಂದಿದ್ದೋರು ಬೆಡ್‌ಶೀಟೇ ಕಟ್ಟಿದ್ರು. ಬಿಚ್ಚೋದೇ ನಂಗೊಂದು ಕೆಲ್ಸ.'

ಅವಳು ಬಂದಿದ್ದರಿಂದ ಇನ್ನೊಂದು ಸಂಗತಿ ತಿಳಿಯಿತು. ಹಾಸಿಗೆಯ ಬಲಕ್ಕೆ ನೆಲ ಮುಟ್ಟುವ ದೊಡ್ಡ ಪರದೆಯಿತ್ತು, ಬೂದು ಬಣ್ಣದ್ದು. ಹಿಂದಿನ ದಿನ ಅವಸರದಲ್ಲಿ ಅದನ್ನು ಮುಟ್ಟಿರಲಿಲ್ಲ. ಈಗ ಸ್ವಲ್ಪ ಬೆಳಕು ಬರಲೆಂದು ನಾನು ಎಳೆದೆ. ಪರದೆಯ ಹಿಂದೆ ಕಿಟಕಿ ಇರಲಿಲ್ಲ. ಬಣ್ಣದ ಕಾಗದ ಅಂಟಿಸಿದ ಹಲಗೆ ಇತ್ತು. ವಿಜ್ಞಾನದ ಟೀಚರು ಬೆರಳಿನಿಂದ ತಟ್ಟಿದರು. ಟೊಳ್ಳು ಸದ್ದು ಬಂತು.

'ಅದ್ರ ಹಿಂದೆ ಹಳೇ ಕಿಟ್ಕಿ ಹಂಗೇ ಐತೆ ಅಮ್ಮಾ' ಎಂದಳು ಅವಳು. 'ಆಚೆಯಿಂದ ತಗಡು ಹೊಡ್ದವ್ರೆ. ಬೋರ್ಡು ಕಾಣ್ಬೇಕಲ್ಲ.'

ಕೆಳಗಿಳಿದು ರಸ್ತೆಯಾಚೆ ನಿಂತು ನೋಡಿದೆ. ನಿಜ. ನಾಲ್ಕು ಮಹಡಿಯ ಹಳೆಯ ಕಟ್ಟಡದ ಇಡೀ ಮುಖಕ್ಕೆ ಹೊಳೆಯುವ ಬೂದು ಹಾಳೆಗಳನ್ನು ಹೊದಿಸಿದ್ದರು. ನಡುವೆ ಹೋಟೆಲಿನ ಹೆಸರು. ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆ ಬಂತಲ್ಲ, ಅದರಂತೆ ದೊಡ್ಡ ಕನ್ನಡ ಅಕ್ಷರಗಳಲ್ಲೇ ಇತ್ತು. ಎರಡೂ ಪದ ಇಂಗ್ಲಿಷಿನವು. ರೂಮಿನೊಳಗೆ, ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಬಾಗಿಲ ಹಿಂದೆ ಅಂಟಿಸಿದ ಹಾಳೆಯಲ್ಲಿ ಮಾತ್ರ ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ.

ಒಂದು ಕಾಲದಲ್ಲಿ ಮೂವರು ಮಲಗುವ ಫ್ಯಾಮಿಲಿ ರೂಮಾಗಿದ್ದದ್ದನ್ನು ಅಡ್ಡ ಹಲಗೆ ಹಾಕಿ ಎರಡು ಮಾಡಿದ್ದಾರೆಂದೂ, ತಾರಸಿಯ ಮೇಲೆ ಕೆಲಸದವರಿಗೆಂದು ಇದ್ದ ಕೋಣೆ ಈಗ ಡೀಲಕ್ಸ್ ರೂಮಾಗಿದೆಯೆಂದೂ ಅವಳೇ ಹೇಳಿದಳು. ಹಾಗಾದರೆ ನೀನು ಸೀರೆ ಬದಲಾಯಿಸುವುದು ಎಲ್ಲಿ ಎಂದು ಕೇಳಿದೆ. ಒಗೆದ ಬೆಡ್‌ಶೀಟು ಜೋಡಿಸಿಡುವ ಬೀರುವಿನಂಥ ಕಿರುಕೋಣೆಯನ್ನು ತೋರಿಸಿದಳು. ನೈಟ್ ಡ್ಯೂಟಿಯ ಹುಡುಗರು, ಅವರಲ್ಲಿ ಇಬ್ಬರು ಅಸ್ಸಾಮಿನವರು, ಲಿಫ್ಟಿನ ಪಕ್ಕ ನೆಲದ ಮೇಲೇ ಮಲಗುತ್ತಾರೆ.

ಕಿಟಕಿ ಮುಚ್ಚಿದ್ದು ಬರೀ ಸೆಕೆ, ಗಾಳಿಯ ಮಾತು ಎಂದು ನಾನು ತಿಳಿದಿದ್ದೆ. ಮ್ಯಾನೇಜರೂ 'ಎಸಿ ಇದೆಯಲ್ಲ ಮೇಡಂ' ಎಂದಿದ್ದರು. ವಿಜ್ಞಾನದ ಟೀಚರಿಗೆ ಹಾಗನ್ನಿಸಲಿಲ್ಲ. ಅವರು ಆ ಹಲಗೆಯನ್ನೂ, ಓಣಿಯ ಗೋಡೆಗೆ ಬಡಿದ ಪ್ಲೈವುಡ್ಡನ್ನೂ, ಹಾಸಿಗೆಯ ತಲೆಗೆ ಜೋಡಿಸಿದ ಸ್ಪಂಜಿನ ದಿಂಡನ್ನೂ ನೋಡಿ ಸುಮ್ಮನಾಗಿಬಿಟ್ಟರು. ಆಮೇಲೆ ಪಾಠ ಹೇಳುವ ದನಿಯಲ್ಲಿ ಹೇಳಿದರು. ಬೆಂಕಿ ಬಿದ್ದಾಗ ಹೆಚ್ಚು ಜನ ಸಾಯುವುದು ಬೆಂಕಿಯಿಂದಲ್ಲ, ಹೊಗೆಯಿಂದ. ಈ ಸ್ಪಂಜು ಸುಟ್ಟರೆ ಕಾರ್ಬನ್ ಮಾನಾಕ್ಸೈಡಿನ ಜತೆ ಸೈನೈಡಿನ ಅನಿಲವೂ ಬರುತ್ತದೆ. ಕೆಲವು ನಿಮಿಷ ಸಾಕು.

ಇದು ಹೆದರಿಸಲು ಹೇಳುವ ಮಾತಲ್ಲ, ಆಗಿಹೋದದ್ದು. 2019ರ ಫೆಬ್ರವರಿ 12ರ ನಸುಕಿನಲ್ಲಿ ದೆಹಲಿಯ ಕರೋಲ್‌ಬಾಗಿನ ಒಂದು ಹೋಟೆಲಿನಲ್ಲಿ ಬೆಂಕಿ ಬಿತ್ತು. ಅದೂ ಊರಿನ ನಡುವಿನದು, ನಮ್ಮಂಥವರೇ ಇಳಿಯುವ ದರದ್ದು. 17 ಜನ ಸತ್ತರು. ಓಣಿಗಳ ಗೋಡೆಗೆ ಚೆಂದಕ್ಕೆಂದು ಬಡಿದಿದ್ದ ಮರದ ಹಲಗೆಗಳ ಮೂಲಕ ಬೆಂಕಿ ಹರಡಿತೆಂದು ಅಗ್ನಿಶಾಮಕ ದಳದವರು ಹೇಳಿದರು. 2025ರ ಏಪ್ರಿಲ್ 29ರ ಸಂಜೆ ಕೊಲ್ಕತ್ತದ ಬಡಾಬಜಾರಿನ ಹೋಟೆಲೊಂದರಲ್ಲಿ 14 ಜನ ಸತ್ತರು, ಅವರಲ್ಲಿ ಇಬ್ಬರು ಮಕ್ಕಳು. ಒಳಗೆ ನವೀಕರಣದ ಕೆಲಸ ನಡೆದಿತ್ತೆಂದೂ ಕಿಟಕಿಗಳನ್ನು ಮುಚ್ಚಲಾಗಿತ್ತೆಂದೂ ಪತ್ರಿಕೆಗಳು ಬರೆದವು. ಹೆಚ್ಚಿನವರು ಸತ್ತದ್ದು ಉಸಿರುಗಟ್ಟಿ. ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ವಸತಿ ಕಟ್ಟಡದಲ್ಲಿ 2017ರ ಜೂನ್ 14ರಂದು 72 ಜನರ ಜೀವ ಹೋಯಿತಲ್ಲ, ಅಲ್ಲಿ ಬೆಂಕಿಯನ್ನು ಮೇಲಕ್ಕೆ ಹತ್ತಿಸಿದ್ದು ನವೀಕರಣ ಮಾಡುವಾಗ ಹೊರಮೈಗೆ ಹೊದಿಸಿದ ಹಾಳೆಗಳು. ದೂರದ ಮಾತು ಯಾಕೆ? ನಮ್ಮ ಬೆಂಗಳೂರಿನಲ್ಲೇ 2010ರ ಫೆಬ್ರವರಿ 23ರಂದು ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 9 ಜನ ಸತ್ತರು. ಹೊಗೆ ತುಂಬಿದ ಕಟ್ಟಡದ ಮೇಲಿನ ಮಹಡಿಗಳಿಂದ ಜನ ಕೆಳಗೆ ಹಾರಿದ್ದನ್ನು ಟೀವಿಯಲ್ಲಿ ನಾವೆಲ್ಲ ನೋಡಿದ್ದೇವೆ. ಅಲ್ಲಿಯವರಿಗೆ ಒಡೆದು ಹಾರಲು ಕಿಟಕಿಯಾದರೂ ಇತ್ತು.

ಎರಡನೆಯ ದಿನ ಕಾರ್ಯಾಗಾರದಿಂದ ಬಂದವರೇ ನಾವು ಮಾಡಿದ ಮೊದಲ ಕೆಲಸ ಮೆಟ್ಟಿಲು ಹುಡುಕಿದ್ದು. ಲಿಫ್ಟಿನ ಪಕ್ಕದ ಮೆಟ್ಟಿಲಿಗೆ ನಮ್ಮ ರೂಮಿನಿಂದ ಏಳು ಬಾಗಿಲು. ಗೋಡೆ ತಡವಿಕೊಂಡು ಕಣ್ಣು ಮುಚ್ಚಿ ಎಣಿಸಿದೆವು, ಕತ್ತಲಾದರೆ ಇರಲಿ ಎಂದು. ಇನ್ನೊಂದು ತುದಿಯಲ್ಲಿ ಹಸಿರು ದೀಪದ ಕೆಳಗೆ ಓಡುವ ಮನುಷ್ಯನ ಚಿತ್ರವಿರುವ ಬಾಗಿಲಿತ್ತು. ಓಡುವ ಮನುಷ್ಯನ ಕೆಳಗೆ ಬೀಗ ಹಾಕಿತ್ತು. ಬಾಗಿಲ ಸಂದಿಯಲ್ಲಿ ಇಣುಕಿದರೆ ಹಿಂದಿನ ಮೆಟ್ಟಿಲ ತುಂಬ ನವೀಕರಣದಲ್ಲಿ ಕಿತ್ತ ಹಳೆಯ ಹಾಸಿಗೆಗಳು, ಎರಡು ಕಮೋಡು, ಮುರಿದ ಕುರ್ಚಿ.

ಮ್ಯಾನೇಜರ ಹತ್ತಿರ ಮತ್ತೆ ಹೋದೆವು. 'ಕಳ್ಳರ ಕಾಟ ಮೇಡಂ, ಅದಕ್ಕೆ ಬೀಗ' ಎಂದರು. ಬೀಗದ ಕೈ ಯಾರ ಹತ್ತಿರ ಇದೆ? ಅವರ ಹತ್ತಿರ. ಅವರು ರಾತ್ರಿ ಎಲ್ಲಿರುತ್ತಾರೆ? ಪೀಣ್ಯದ ಹತ್ತಿರ ಮನೆಯಲ್ಲಿ. ಅವರೇ ಹೇಳಿ ಅವರೇ ಪೆಚ್ಚಾದರು. ಹುಡುಗನನ್ನು ಕರೆದು ಬೀಗ ತೆಗೆಸಿದರು. ಹಾಸಿಗೆಗಳನ್ನು ಒತ್ತರಿಸಿ ಒಬ್ಬರು ಅಡ್ಡವಾಗಿ ಇಳಿಯುವಷ್ಟು ಜಾಗ ಆಯಿತು. ನನ್ನಂಥ ಮೈಯವರು ಇಳಿಯುವುದು ಕಷ್ಟವೇ.

ಈ ಮಾತನ್ನು ಹೇಳಿದಾಗೆಲ್ಲ ಜನ ನನಗೆ ಬುದ್ಧಿ ಹೇಳುತ್ತಾರೆ. 'ಎರಡು ಸಾವಿರದ ರೂಮಿನಲ್ಲಿ ಇಷ್ಟೇ, ಬೇಕಾದರೆ ಫೈವ್ ಸ್ಟಾರಿಗೆ ಹೋಗಿ' ಎಂದರು ನಮ್ಮ ಹೆಡ್‌ಮಾಸ್ಟರು. ಗೋಡೆ, ಕಿಟಕಿ, ತೆರೆದಿರುವ ಮೆಟ್ಟಿಲು, ಇವು ಯಾವಾಗಿನಿಂದ ಐದು ನಕ್ಷತ್ರದ ಐಷಾರಾಮವಾದವು? ಇದೇ ಗಾಂಧಿನಗರದ ಪಕ್ಕ ಸುಬೇದಾರ್ ಛತ್ರಂ ರಸ್ತೆಯಿದೆ; ಹೆಸರಿನಲ್ಲೇ ಛತ್ರ ಇದೆ. ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರು ಶತಮಾನಕ್ಕೂ ಹಿಂದೆ ಪ್ರಯಾಣಿಕರಿಗೆಂದು ಕಟ್ಟಿಸಿದ ಛತ್ರವಿದೆ, ಓದುವ ಹುಡುಗರಿಗೆ ಅವರು ನಡೆಸಿದ ಉಚಿತ ವಿದ್ಯಾರ್ಥಿನಿಲಯವಿದೆ. ಕೈಯಿಂದ ದುಡ್ಡು ಹಾಕಿ ಛತ್ರ ಕಟ್ಟಿಸಿದವರು ಬಂದವರ ಮಾನಕ್ಕೊಂದು ಗೋಡೆ ಕಟ್ಟುವುದನ್ನು ಮರೆತಿರಲಿಲ್ಲ. ದುಡ್ಡು ತೆಗೆದುಕೊಂಡವರಿಗೆ ಅಷ್ಟೂ ಆಗದೇ?

ಇನ್ನು ಕೆಲವರು, ಅದರಲ್ಲೂ ಗಂಡಸರು, 'ಎರಡು ದಿನದ ಮಾತು, ಹೊಂದಿಕೊಳ್ಳಬೇಕಪ್ಪ' ಎನ್ನುತ್ತಾರೆ. ನನ್ನ ಗಂಡನೂ ಎಂದರು. ಹೊಂದಿಕೊಂಡೂ ಹೊಂದಿಕೊಂಡೂ ನಾವು ಇಲ್ಲಿಗೆ ಬಂದು ನಿಂತಿರುವುದು. ಅಲ್ಲಿ ಇಳಿದ ಪ್ರತಿಯೊಬ್ಬರೂ ಬೆಡ್‌ಶೀಟು ಕಟ್ಟಿದ್ದಾರೆ, ಟವೆಲು ಕಟ್ಟಿದ್ದಾರೆ, ಸೀರೆ ಕಟ್ಟಿದ್ದಾರೆ. ಒಬ್ಬರೂ ಕೌಂಟರಿಗೆ ಬಂದು ಹೇಳಿರಲಿಲ್ಲವಂತೆ. ಹಾಗೆಂದು ಮ್ಯಾನೇಜರು ಆಣೆ ಮಾಡಿ ಹೇಳಿದರು, ನಾನು ನಂಬುತ್ತೇನೆ. ನಾಚಿಕೆ ನಮ್ಮನ್ನು ಸುಮ್ಮನಿರಿಸಿತು. ನಾನೂ ಮೊದಲ ಬೆಳಿಗ್ಗೆ ಸುಮ್ಮನೆ ಓಣಿಯಲ್ಲಿ ನಿಂತವಳೇ. ಗೊತ್ತಿಲ್ಲದ್ದನ್ನು ಎದ್ದು ನಿಂತು ಕೇಳಿ ಎಂದು ಮೂವತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತ ಬಂದವಳು ಬಚ್ಚಲಿಗೆ ಗೋಡೆಯಿಲ್ಲ ಎಂದು ಕೇಳಲು ಸಂಜೆಯವರೆಗೆ ಧೈರ್ಯ ಒಟ್ಟುಮಾಡಬೇಕಾಯಿತು.

ಮತ್ತೆ ಪರವಾನಗಿ ಕೊಡುವವರು. ಕಟ್ಟಡದ ಮುಖಕ್ಕೆ ಹಾಳೆ ಹೊದಿಸಿ ಇಷ್ಟು ಕಿಟಕಿ ಮುಚ್ಚಿದ್ದು ರಸ್ತೆಯಲ್ಲಿ ಹೋಗುವ ಯಾರಿಗಾದರೂ ಕಾಣುತ್ತದೆ. ಅಳತೆಪಟ್ಟಿ ಬೇಡ, ಯಂತ್ರ ಬೇಡ, ಕತ್ತು ಎತ್ತಿದರೆ ಸಾಕು. ಬೋರ್ಡಿನಲ್ಲಿ ಕನ್ನಡ ಎಷ್ಟಿದೆ ಎಂದು ಅಳೆಯಲು ಬಂದವರು ಅದೇ ಬೋರ್ಡಿನ ಹಿಂದೆ ಏನಿದೆ ಎಂದು ಯಾಕೆ ನೋಡಲಿಲ್ಲ?

ನಮ್ಮ ಕಥೆ ಮುಗಿಸುತ್ತೇನೆ. ಆ ಎರಡನೆಯ ರಾತ್ರಿ ನಾವು ಆ ರೂಮಿನಲ್ಲಿ ಮಲಗಲು ಒಪ್ಪಲಿಲ್ಲ. ಬೇರೆ ಕೊಡಿ ಎಂದೆವು. ಎಲ್ಲವೂ ಹೀಗೇ ಎಂದರು ಮ್ಯಾನೇಜರು. ಸ್ವಲ್ಪ ಯೋಚಿಸಿ, ಹಿಂಬದಿಯಲ್ಲಿ ಇನ್ನೂ ಕೆಲಸ ಆಗದ ಮೂರು ರೂಮು ಇವೆ, ಡ್ರೈವರುಗಳಿಗೆ ಕೊಡುತ್ತೇವೆ, 'ಅದು ನಿಮ್ಮಂಥವರಿಗಲ್ಲ ಮೇಡಂ' ಎಂದರು. ತೋರಿಸಿ ಎಂದೆವು. ಬಾಡಿಗೆ 900. ಎಸಿ ಇಲ್ಲ, ಫ್ಯಾನು. ಸುಣ್ಣ ಹೊಡೆದ ಗೋಡೆ. ಬಟ್ಟೆ ನೇತುಹಾಕಲು ಗೋಡೆಗೆ ಮೊಳೆ, ಒಣಹಾಕಲು ಹಗ್ಗ. ಒಳಗಿನಿಂದ ಹಾಕಿಕೊಳ್ಳಲು ಕಬ್ಬಿಣದ ಅಗುಳಿ. ಬಚ್ಚಲಿಗೆ ನಾಲ್ಕು ಕಡೆ ಗೋಡೆ, ಮರದ ಬಾಗಿಲು, ಅದಕ್ಕೊಂದು ಚಿಲಕ. ಒಳಗೆ ಬಕೆಟ್ಟು, ಚೊಂಬು. ಮತ್ತು ಒಂದು ಕಿಟಕಿ. ನಾನು ರೆಕ್ಕೆ ತೆಗೆದೆ. ಹಿಂದಿನ ಮನೆಯ ಸಿಂಟೆಕ್ಸ್ ಟ್ಯಾಂಕು, ಒಣಗುತ್ತಿದ್ದ ಸೀರೆಗಳು, ಅಂಗೈಯಷ್ಟು ಆಕಾಶ. ಎಲ್ಲಿಂದಲೋ ಒಗ್ಗರಣೆಯ ವಾಸನೆ ಬಂತು. ವಿಜ್ಞಾನದ ಟೀಚರು ಬಂದು ಕಿಟಕಿಯ ಕಂಬಿಗಳನ್ನು ಹಿಡಿದು ಅಲ್ಲಾಡಿಸಿ ನೋಡಿದರು. 'ಇದರಿಂದ ಇಳಿಯೋಕಾಗಲ್ಲ ಮೇಡಂ. ಆದರೆ ಉಸಿರಾಡಬಹುದು, ಕೂಗಬಹುದು' ಎಂದರು. ಉಳಿದೆರಡು ರಾತ್ರಿ ಅಲ್ಲೇ ಮಲಗಿದೆವು. ಸೊಳ್ಳೆ ಇತ್ತು, ಹೇಳದಿದ್ದರೆ ಸುಳ್ಳಾಗುತ್ತದೆ.

ಮೊನ್ನೆ ಮತ್ತೊಂದು ಕಾರ್ಯಾಗಾರದ ಸುತ್ತೋಲೆ ಬಂತು. ಅದೇ ಮ್ಯಾನೇಜರಿಗೆ ಫೋನು ಮಾಡಿ, ಹಿಂದಿನ ರೂಮು ಇಡಿ ಎಂದೆ. ಗುರುತು ಹಿಡಿದರು. 'ಆ ಮೂರೂ ರೂಮು ಈಗ ರೆಡಿ ಆಯ್ತು ಮೇಡಂ, ಹೊಸದಾಗಿದೆ, ನೋಡಿದರೆ ಖುಷಿಪಡ್ತೀರಿ' ಎಂದರು.

'ಕಿಟಕಿ ಉಳಿಸಿದ್ದೀರಾ?' ಎಂದು ಕೇಳಿದೆ.

'ಫೋಟೋ ಕಳಿಸ್ತೀನಿ, ನೀವೇ ನೋಡಿ ಮೇಡಂ.'

ಐದು ಫೋಟೋ ಬಂದವು. ನೀಲಿ ಬೆಳಕಿದೆ, ಹಾಸಿಗೆಯ ಅಡಿಯ ಬೆಳಕೂ ಇದೆ. ಬೂದು ಪರದೆ ಐದರಲ್ಲೂ ಎಳೆದೇ ಇದೆ. ಪರದೆ ಸರಿಸಿ ಒಂದು ತೆಗೆದು ಕಳಿಸಿ ಎಂದು ಬರೆದೆ. ಎಂಟು ದಿನವಾಯಿತು, ಬಂದಿಲ್ಲ.